ಆಪರೇಷನ್ ಮಾಡಿಸಿಕೊಂಡ ಗಂಡ

ರಾಜಶ್ರೀಯ ಮೂರನೆಯ ಹೆರಿಗೆಯಾದ ಮೇಲೆ ಜಮಖಂಡಿಯ ಸರಕಾರಿ ದವಾಖಾನೆಯ ಡಾಕ್ಟರಮ್ಮ ಈಶ್ವರನನ್ನು ವಾರ್ಡಿನ ಹೊರಗೆ ಕರೆದು, ಗೋಡೆಗೆ ನಿಲ್ಲಿಸಿ, ಸುತ್ತಿ ಬಳಸದೆ ಹೇಳಿದರು. ಹೆಂಡತಿಯ ಮೈಯಲ್ಲಿ ರಕ್ತವಿಲ್ಲ. ಹೆರಿಗೆಯಲ್ಲಿ ಹೋದದ್ದು ಹೋಗಿ, ಉಳಿದದ್ದು ಜೀವ ಹಿಡಿದುಕೊಳ್ಳುವಷ್ಟು ಮಾತ್ರ. ಮಕ್ಕಳಾಗದಂತೆ ಆಪರೇಷನ್ ಮಾಡಲು ಈಗ ಅವಳ ಹೊಟ್ಟೆಗೆ ಕತ್ತರಿ ಹಾಕುವಂತಿಲ್ಲ. ಇನ್ನೊಮ್ಮೆ ಬಸುರಿಯಾದರೆ ಬದುಕುತ್ತಾಳೆಂದು ಬರೆದುಕೊಡಲು ತನ್ನಿಂದಾಗುವುದಿಲ್ಲ.

"ಹಂಗಾದ್ರ ಏನ್ ಮಾಡೂದ್ರಿ ಡಾಕ್ಟರ್?"

"ನೀನ ಮಾಡಿಸ್ಕೋ. ಗಂಡಸರದ್ದಕ್ಕ ಹೊಲಿಗಿ ಸೈತ ಹಾಕಂಗಿಲ್ಲ. ಮುಂಜಾನೆ ಬಾ, ಮಧ್ಯಾಹ್ನ ನಡಕೋತ ಮನಿಗೆ ಹೋಗು."

"ಆತ್ರಿ," ಅಂದ ಈಶ್ವರ. ಡಾಕ್ಟರರ ಎದುರು ನಿಂತ ಗಂಡಸರೆಲ್ಲ ಅನ್ನುವ ಆತ್ರಿ ಅದು. ಸಿಗರೇಟು ಬಿಡು ಅಂದರೂ ಆತ್ರಿ, ಹೆಂಡತಿಗೆ ಹಣ್ಣು ತಿನ್ನಿಸು ಅಂದರೂ ಆತ್ರಿ.

ರಬಕವಿಯಲ್ಲಿ ಈಶ್ವರ ಪಾವರ್‌ಲೂಮ್ ನಡೆಸುವವನು. ಮಾಲೀಕನ ಶೆಡ್ಡಿನಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಸೀರೆ ನೇಯುವುದು, ಹಳೆಯ ನೂಲು ಮುಗಿದಾಗ ಹೊಸ ಬೀಮು ಹೊತ್ತು ತಂದು ಮಗ್ಗಕ್ಕೆ ಏರಿಸುವುದು. ಬೀಮೆಂದರೆ ಹತ್ತಾರು ಸೀರೆಗಾಗುವಷ್ಟು ನೂಲು ಸುತ್ತಿದ ಕಬ್ಬಿಣದ ಉರುಳೆ. ಸಣಕಲ ಮೈಯವನ ನಡ ಮುರಿದುಹೋಗುವಷ್ಟು ಭಾರ. ಅದನ್ನು ಎತ್ತುವುದರಲ್ಲಿ ಈಶ್ವರ ಮತ್ತು ಅದೇ ಓಣಿಯ ಅವನ ಗೆಳೆಯ ಮಾಳು, ಇವರ ಜೋಡಿಗೆ ಶೆಡ್ಡಿನಲ್ಲಿ ಸರಿಸಾಟಿ ಇರಲಿಲ್ಲ.

ಆ ಶೆಡ್ಡಿನ ಗಂಡಸರಿಗೆ ಒಂದು ವಿಷಯದಲ್ಲಿ ಬಲು ದೊಡ್ಡ ಜ್ಞಾನವಿತ್ತು. ಅದನ್ನು ಮಾಡಿಸಿಕೊಂಡವನ ನಡದಲ್ಲಿ ಕಸುವು ಉಳಿಯುವುದಿಲ್ಲ, ಅವನು ಮತ್ತೆ ಬೀಮು ಎತ್ತಲಾರ. ಊರಲ್ಲಿ ಮಾಡಿಸಿಕೊಂಡವನೊಬ್ಬನನ್ನೂ ಅವರು ಕಂಡಿರಲಿಲ್ಲ. ಆದರೆ ಅಂಥವನ ನಡದ ಸ್ಥಿತಿ ಮಾತ್ರ ಎಲ್ಲರಿಗೂ ಗೊತ್ತು. ಅವರೆಲ್ಲರ ಹೆಂಡಂದಿರೂ ಹೊಟ್ಟೆ ಕೊಯ್ಸಿಕೊಂಡವರೇ. ಕೊಯ್ಸಿಕೊಂಡು ಬಂದು, ಗಾಯ ಮಾಯುವ ಮೊದಲೇ ಮಗ್ಗದ ನೂಲಿನ ಕಂಡಿಕೆ ಸುತ್ತುತ್ತ ಕೂತವರೇ. ಅವರ ನಡದ ಬಗ್ಗೆ ಶೆಡ್ಡಿನಲ್ಲಿ ಯಾರೂ ಎಂದೂ ಮಾತಾಡಿದ್ದಿಲ್ಲ.

ಕೂಸು ನೀಲಕಂಠನಿಗೆ ಕುತ್ತಿಗೆ ನಿಲ್ಲುವ ಹೊತ್ತಿಗೆ ಒಂದು ದಿನ ರಾಜಶ್ರೀ ತಾನೇ ಗಂಡನ ಅಂಗಿಗೆ ಇಸ್ತ್ರಿ ಮಾಡಿದಳು. "ಅತ್ತಿ ಮುಂದ ಹೇಳಬ್ಯಾಡ್ರಿ. ಅತ್ತು ಕರದು ರಂಪ ಮಾಡ್ತಾರ. ನೀವು ಹೋಗಿ ಬರ್ರಿ," ಎಂದಳು. ಬಿಳಿಚಿದ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಬಂದ ನಗೆ. ಈಶ್ವರ ಬಸ್ಸು ಹತ್ತಿದ.

ದವಾಖಾನೆಯ ಗೇಟಿನವರೆಗೆ ಹೋದದ್ದು ಖರೆ. ಒಳಗೆ ಸಾಲಾಗಿ ಕೂತವರೆಲ್ಲ ಹೆಂಗಸರು. ಅವರ ನಡುವೆ ಅವನು ಒಬ್ಬನೇ ಹೋಗಿ ನಿಂತರೆ ಯಾತಕ್ಕೆ ಬಂದವನೆಂದು ಕೇಳುವ ಅಗತ್ಯವೇ ಇಲ್ಲ. ಗೇಟಿನಾಚೆ ಚಹಾ ಕುಡಿದ. ಇನ್ನೊಂದು ಕುಡಿದ. ಅಷ್ಟರಲ್ಲಿ ಮುಧೋಳದ ಬಸ್ಸೊಂದು ಬಂದು ನಿಂತಿತು, ಕಾಲು ತಾವಾಗಿಯೇ ಹತ್ತಿದವು. ಮುಧೋಳದಲ್ಲಿ ಮಧ್ಯಾಹ್ನವಿಡೀ ಅಡ್ಡಾಡಿ, ಬೇಟೆನಾಯಿ ಹಿಡಿದು ನಡೆದವನ ಹಿಂದೆ ಒಂದಷ್ಟು ದೂರ ಸುಮ್ಮನೆ ನಡೆದು, ಮಿರ್ಚಿ ಭಜಿ ತಿಂದು, ಸಂಜೆಯ ಬಸ್ಸಿಗೆ ರಬಕವಿಗೆ ಬಂದ. ಓಣಿಯ ಬಾಯಿಗೆ ಬರುವವರೆಗೆ ಸೀದಾ ನಡೆದವನು ಅಲ್ಲಿಂದ ಕಾಲು ಅಗಲಿಸಿ ನಡೆಯತೊಡಗಿದ.

ಬಾಗಿಲಲ್ಲೇ ಕಾಯುತ್ತಿದ್ದ ರಾಜಶ್ರೀ ಅವನ ತೋಳು ಹಿಡಿದುಕೊಂಡಳು. "ಬ್ಯಾನಿ ಭಾಳ ಐತೇನ್ರಿ?"

ನಿಜ ಹೇಳಬೇಕೆಂದರೆ ಆಗ ಹೇಳಬೇಕಿತ್ತು. ಹೋದೆ, ಹೆದರಿದೆ, ಓಡಿ ಬಂದೆ. ಎಷ್ಟು ಸಣ್ಣ ಮಾತು! ಅವಳು ಬೈದು ಸುಮ್ಮನಾಗುತ್ತಿದ್ದಳು, ಮರುವಾರ ಮತ್ತೆ ಕಳಿಸುತ್ತಿದ್ದಳು. ಆದರೆ ತೋಳಿನ ಮೇಲಿದ್ದ ಅವಳ ಕೈ ಬೆಚ್ಚಗಿತ್ತು. "ಸ್ವಲ್ಪ ಐತಿ," ಅಂದ.

ಹಾಸಿಗೆ ಹಿಡಿದು ಮಲಗಿದವನನ್ನು ಕಂಡು ತಾಯಿ ಬೋರವ್ವ ಬಿಡುತ್ತಾಳೆಯೇ? ಕೆದಕಿ ಕೆದಕಿ ಸೊಸೆಯ ಬಾಯಿಂದ ಮಾತು ಹೊರಡಿಸಿ, ಎದೆ ಎದೆ ಬಡಿದುಕೊಂಡಳು.

"ನನ್ನ ಮಗನ ನಡಾ ಮುರಿದ್ಯಲ್ಲ ಬೇ! ಹೊಟ್ಟಿ ಕೊಯ್ಸ್ಕೊಳ್ಳಾಕ ನಿನಗೇನ ಧಾಡಿಯಾಗಿತ್ತ? ನಾವೆಲ್ಲ ಕೊಯ್ಸ್ಕೊಂಡಿಲ್ಲೇನ?"

"ನನಗ ರಕ್ತ ಇಲ್ಲಂತರಿ ಅತ್ತಿ."

"ರಕ್ತಾ ಇಲ್ದಾಕಿ ಮೂರು ಹೆಂಗ ಹಡದಿ?"

ರಾಜಶ್ರೀ ಒಳಗೆ ಹೋದಳು. ಬಾಣಂತಿಗೆಂದು ತವರಿನಿಂದ ಬಂದಿದ್ದ ಅಂಟಿನ ಉಂಡಿಯ ಡಬ್ಬಿಯನ್ನು ಅಟ್ಟದಿಂದ ಇಳಿಸಿದಳು. ತುಪ್ಪ, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ ಹಾಕಿ ಹಡೆದವಳ ನಡ ಗಟ್ಟಿಯಾಗಲೆಂದು ಅವಳ ತಾಯಿ ಕಟ್ಟಿ ಕಳಿಸಿದ್ದು. ಮುಂಜಾನೆ ಒಂದು, ಸಂಜೆ ಒಂದು ಗಂಡನಿಗೆ ಕೊಟ್ಟಳು. ಅವನು ತಿಂದ. ಹೊಟ್ಟೆ ತುಂಬಿದ್ದರೂ ತಿಂದ, ತಿನ್ನದಿದ್ದರೆ ಅವಳಿಗೆ ಬೇಜಾರಾಗುತ್ತದೆಂದು ತಿಂದ. ಬಾಣಂತಿಯ ಉಂಡಿಗಳೆಲ್ಲ ಖಾಲಿಯಾದವು. ಡಬ್ಬಿಯ ತಳದಲ್ಲಿದ್ದ ಪುಡಿಯನ್ನು ಅವಳು ಬೆರಳಿಗೆ ಒತ್ತಿ ಒತ್ತಿ ನೆಕ್ಕುವುದನ್ನು ಅವನು ಹಾಸಿಗೆಯಿಂದಲೇ ನೋಡಿದ. ನೋಡಿ ಗೋಡೆಯ ಕಡೆ ತಿರುಗಿ ಮಲಗಿದ.

ಸುಳ್ಳಿಗೆ ಒಮ್ಮೆ ಮನೆಯಲ್ಲಿ ಜಾಗ ಕೊಟ್ಟರೆ ಅದು ಕೂಳನ್ನೂ ಕೇಳುತ್ತದೆ. ನೀರಿನ ಕೊಡ ಎತ್ತಲು ಹೋದರೆ ರಾಜಶ್ರೀ ಓಡಿ ಬಂದು ಕಸಿದುಕೊಳ್ಳುತ್ತಿದ್ದಳು. "ಬ್ಯಾಡ್ರಿ, ಹೊಲಿಗಿ ಹಾಕಿಲ್ಲ ಅಂದ್ರೂ ಒಳಗ ಹಸಿ ಇರತೈತಿ." ನಳದಿಂದ ಮನೆಗೆ ಕೊಡ ಹೊತ್ತು ತರುವಾಗ ಅವಳು ನಡುವೆ ನಿಂತು ಗೋಡೆ ಹಿಡಿದುಕೊಳ್ಳುತ್ತಿದ್ದಳು. ಪೂನಮ್, ರಾಧಿಕಾ, ಇಬ್ಬರು ಹೆಣ್ಣುಮಕ್ಕಳು ಸಣ್ಣ ಸಣ್ಣ ತಂಬಿಗೆ ಹಿಡಿದು ಅವಳ ಹಿಂದೆ. ದನದಂಥ ಗಂಡಸು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಒಂದೆರಡು ಸಲ ಎದ್ದು ಹೋಗಿ ಕೊಡ ಕಸಿದುಕೊಳ್ಳಬೇಕೆಂದುಕೊಂಡ. ಕಸಿದುಕೊಂಡರೆ ಸುಳ್ಳು ಬಿದ್ದುಹೋಗುತ್ತದೆಂದು ಕೂತಲ್ಲೇ ಕೂತ.

ಶೆಡ್ಡಿನಲ್ಲಿ ಮಾಳುವಿಗೊಬ್ಬನಿಗೆ ಹೇಳಬೇಕಾಯಿತು. ಬೀಮು ಎತ್ತುವ ಸರದಿ ಬಂದಾಗ ರಾಜಶ್ರೀಯೇ ಅವನನ್ನು ಮನೆಗೆ ಕರೆಸಿ, ಗಂಡನ ಪಾಲಿನ ಭಾರ ಹೊರಲು ಕೇಳಿಕೊಂಡಿದ್ದಳು. ಮಾಳು ಈಶ್ವರನ ಬೆನ್ನಿಗೆ ಗುದ್ದಿದ.

"ಭಲೇ ಗಂಡಸಲೇ ನೀ! ನಾವೆಲ್ಲ ಬರೇ ಮೀಸಿ ಬಿಟ್ಟೇವಿ. ಇವರಿಗ್ಯಾರಿಗೂ ಹೇಳಬ್ಯಾಡ, ನಿನ್ನ ಪಾಲಿಂದು ನಾ ಎತ್ತತೇನಿ."

ಎತ್ತಿದ. ಬೀಮಿನ ಭಾರದ ಕಡೆ ತಾನು ನಿಂತು, ಈಶ್ವರನನ್ನು ಹಗುರ ಕಡೆಗೆ ತಳ್ಳಿ, ತಿಂಗಳುಗಟ್ಟಲೆ ಎತ್ತಿದ. ಮನೆಯ ಕಡೆಯೂ ಬಂದು ಗ್ಯಾಸಿನ ಸಿಲಿಂಡರು ಇಟ್ಟುಕೊಟ್ಟ, ಕಂಡಿಕೆಯ ಚೀಲ ಹೊತ್ತುಕೊಟ್ಟ, ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುವಾಗ ಕಪಾಟು ಸರಿಸಿಕೊಟ್ಟ. "ವೈನಿ, ನೀವು ಸರೀರಿ, ನಿಮ್ಮ ಕೈಯಾಗ ಆಗಂಗಿಲ್ಲ," ಎನ್ನುವನು. ಕೊಟ್ಟ ಚಹಾ ನಿಂತೇ ಕುಡಿದು ಹೊರಡುವನು.

ಆಶಾ ಕಾರ್ಯಕರ್ತೆ ಮಧುಮತಿ ಒಮ್ಮೆ ಬಂದು ಕೇಳಿದಳು. ಮಾಡಿಸಿಕೊಂಡ ಮೇಲೂ ಮೂರು ತಿಂಗಳು ಕಾಳಜಿ ತಗೋಬೇಕು, ಆಮೇಲೆ ದವಾಖಾನೆಗೆ ಹೋಗಿ ಪರೀಕ್ಷೆ ಮಾಡಿಸಬೇಕು, ಮಾಡಿಸಿದಿರಾ? "ಆಗೇತ್ರಿ, ಎಲ್ಲಾ ಛಲೋ ಐತಿ ಅಂದ್ರು," ಎಂದ ಈಶ್ವರ. ಎರಡನೆಯ ಸುಳ್ಳಿಗೆ ಮೊದಲನೆಯದರಷ್ಟು ನಾಚಿಕೆಯಾಗಲಿಲ್ಲ. ಅಂದಿನಿಂದ ರಾಜಶ್ರೀ ಹೆದರಿಕೆ ಬಿಟ್ಟು ಅವನ ಮಗ್ಗುಲಿಗೆ ಬಂದಳು. ಕತ್ತಲಲ್ಲಿ ಅವಳ ಆ ನಂಬಿಕೆ ಮೈಗೆ ತಾಗಿದಾಗಲೆಲ್ಲ ಈಶ್ವರನಿಗೆ ನಾಳೆ ಹೋಗಿ ನಿಜವಾಗಿಯೂ ಮಾಡಿಸಿಕೊಂಡು ಬಂದುಬಿಡಬೇಕು ಅನ್ನಿಸುತ್ತಿತ್ತು. ಯಾರಿಗೂ ಗೊತ್ತಾಗುವುದಿಲ್ಲ, ಸುಳ್ಳೇ ಖರೆಯಾಗುತ್ತದೆ. ಬೆಳಕು ಹರಿದರೆ ಶೆಡ್ಡಿತ್ತು, ಮಗ್ಗದ ಸದ್ದಿತ್ತು. ಆ ಸದ್ದಿನಲ್ಲಿ ಯಾವ ಮಾತೂ ಕೇಳುವುದಿಲ್ಲ, ತನ್ನದೂ.

ನೀಲಕಂಠ ಗೋಡೆ ಹಿಡಿದು ನಿಲ್ಲುತ್ತಿದ್ದ ಕಾಲಕ್ಕೆ ರಾಜಶ್ರೀಗೆ ವಾಂತಿ ಶುರುವಾಯಿತು. ಮುಟ್ಟು ಇನ್ನೂ ತಿರುಗಿ ಬಂದಿರಲಿಲ್ಲ. ಕೂಸು ಮೊಲೆ ಕುಡಿಯುತ್ತದಲ್ಲ, ಅದಕ್ಕೇ ಎಂದುಕೊಂಡಿದ್ದಳು. ಮಧುಮತಿ ಪರೀಕ್ಷೆಯ ಪಟ್ಟಿ ತಂದು ನೋಡಿದಳು. ಎರಡು ಗೆರೆ ಮೂಡಿದವು. ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಈಶ್ವರ ಊಟಕ್ಕೆ ಬಂದಿದ್ದ, ಬೋರವ್ವ ರೊಟ್ಟಿ ಬಡಿಯುತ್ತಿದ್ದಳು.

ಬೋರವ್ವನ ಕೈ ನಿಂತಿತು.

"ನನ್ನ ಮಗಗ ಆಪರೇಷನ್ ಆಗೈತಿ," ಎಂದಳು, ತಣ್ಣಗೆ. "ಇದು ಯಾರದು?"

ರಾಜಶ್ರೀ ಅತ್ತೆಯ ಕಡೆ ನೋಡಲೇ ಇಲ್ಲ. ಗಂಡನ ಕಡೆ ತಿರುಗಿದಳು. ಮೊದಲು ಅವಳ ಕಣ್ಣಲ್ಲಿ ಇದ್ದದ್ದು ಬರೀ ಗಾಬರಿ. ನೋಡುತ್ತ ನೋಡುತ್ತ ಅದು ಬೇರೆಯಾಯಿತು. ಅವಳಿಗೆ ತನ್ನ ಮೈ ಗೊತ್ತಿತ್ತು, ಅದನ್ನು ಯಾರು ಮುಟ್ಟಿದ್ದಾರೆಂದು ಗೊತ್ತಿತ್ತು. ಆದ್ದರಿಂದ ಉಳಿದದ್ದು ತಿಳಿಯಲು ಅವಳಿಗೆ ತಡವಾಗಲಿಲ್ಲ. ಈಶ್ವರ ರೊಟ್ಟಿಯನ್ನು ಸಣ್ಣ ಸಣ್ಣಗೆ ಮುರಿಯುತ್ತ ಕೂತಿದ್ದ.

"ನೀವು ಹೇಳ್ರಿ," ಎಂದಳು.

"ಫೇಲ್ ಆಗಿರಬೇಕು," ಅಂದ ಈಶ್ವರ. "ಆಗತಾವಂತ. ಏನ್ರಿ ಮಧುಮತಿ ಅಕ್ಕಾರ?"

"ಅಗದೀ ಅಪರೂಪಕ್ಕ ಆಗತಾವ," ಎಂದಳು ಮಧುಮತಿ. ಅವನನ್ನೇ ಅಳೆಯುವಂತೆ ನೋಡಿದಳು. "ಬರ್ರಿ, ಡಾಕ್ಟರ್ ಪರೀಕ್ಷೆ ಮಾಡಿದ್ರ ತಿಳೀತೈತಿ."

"ಮಗ್ಗ ಬಿಟ್ಟು ಹೆಂಗ ಬರಲಿ?"

ಅಷ್ಟಾದರೂ ಹೇಳಿದ್ದು ಹೆಂಡತಿಯನ್ನು ಉಳಿಸಲಿಕ್ಕೆ ಎಂದು ಈಶ್ವರ ತನಗೆ ತಾನೇ ಸಮಾಧಾನ ಹೇಳಿಕೊಂಡ. ಬೋರವ್ವನ ತಲೆಯಲ್ಲಿ ಮಾತ್ರ ಫೇಲು ಪಾಸು ಯಾವುದೂ ಇಳಿಯಲಿಲ್ಲ. ಅವಳ ಲೆಕ್ಕದಲ್ಲಿ ಮನೆಯ ಹೊಸ್ತಿಲು ತುಳಿದ ಗಂಡಸು ಒಬ್ಬನೇ.

ಮರುದಿನ ಮಾಳು ಸಿಲಿಂಡರು ಹೆಗಲಿಗೇರಿಸಿಕೊಂಡು ಬಂದ. ಬೋರವ್ವ ಕಸಬರಿಗೆ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಒಳಗ ಕಾಲಿಟ್ಟೆಂದ್ರ ಮುರೀತೇನಿ! ಗೆಳ್ಯಾ ಅಂದ್ಕೋತ ಬಂದು ಮನಿ ಹೊಲಸು ಮಾಡಿದ್ಯಲ್ಲೋ ಹಲ್ಕಟ್! ಗ್ಯಾಸ್ ಇಡಾಕ ಬರತಿದ್ದಿ? ಹೇಳು, ಏನಿಡಾಕ ಬರತಿದ್ದಿ?"

ಓಣಿ ಬಾಯಿ ತೆರೆದು ನಿಂತಿತು. ಕಂಡಿಕೆ ಸುತ್ತುವ ಹೆಂಗಸರ ಕೈಗಳು ನಿಂತವು. ಮಾಳುವಿಗೆ ಮಾತು ಅರ್ಥವಾಗಲು ಒಂದಷ್ಟು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಸಿಲಿಂಡರಿನ ಭಾರ ಹೆಗಲ ಮೇಲೆ ಇದ್ದಂತೆಯೇ ಬೋರವ್ವನ ಹಿಂದೆ, ಒಳಗೆ ನಿಂತಿದ್ದ ಈಶ್ವರನನ್ನು ನೋಡಿದ.

"ಈಶ್ವರಾ, ಏನಂತಾಳೋ ನಿಮ್ಮವ್ವ?"

ಈಶ್ವರ ಚಪ್ಪಲಿ ಹುಡುಕುವವನಂತೆ ಬಗ್ಗಿದ.

ಮಾಳು ಸಿಲಿಂಡರನ್ನು ಸದ್ದಾಗದಂತೆ ಕೆಳಗಿಟ್ಟ. ಹೋದ. ಮರುವಾರ ಬನಹಟ್ಟಿಯ ಬೇರೆ ಶೆಡ್ಡಿಗೆ ಕೆಲಸಕ್ಕೆ ಸೇರಿದನೆಂದು ಸುದ್ದಿ ಬಂತು. ಅವನ ಹೆಂಡತಿ ನಳದ ಹತ್ತಿರ ರಾಜಶ್ರೀಯ ಕೊಡವನ್ನು ಕಾಲಿನಿಂದ ಸರಿಸಿದಳು.

ರಾಜಶ್ರೀ ಅಳಲಿಲ್ಲ, ಜಗಳವಾಡಲಿಲ್ಲ. ಗಂಡನಿಗೆ ಊಟ ಬಡಿಸುವಾಗ, ಮಕ್ಕಳಿಗೆ ತಲೆ ಬಾಚುವಾಗ, ಒಮ್ಮೊಮ್ಮೆ ಕೈ ನಿಲ್ಲಿಸಿ ಅವನ ಮುಖ ನೋಡುವಳು. ಈಗ ಹೇಳಿಯಾನು ಎಂದು. ಅವನು ನೀರು ಕುಡಿಯುವನು, ಬೀಡಿ ಹುಡುಕುವನು. ಬೋರವ್ವ ಸೊಸೆ ಮುಟ್ಟಿದ ನೀರು ಬಿಟ್ಟಳು. ರಾಜಶ್ರೀಯ ಉಗುರು, ತುಟಿ, ಕಣ್ಣಿನ ಒಳಗು ಎಲ್ಲ ಬೆಳ್ಳಗಾಗುತ್ತ ಬಂದವು. ಒಂದು ಮುಂಜಾನೆ ನಳದ ಹತ್ತಿರ ಕೊಡದ ಸಮೇತ ಬಿದ್ದಳು. ಮಧುಮತಿ ಬಂದು, ಆಟೋ ಕರೆಸಿ, ಈಶ್ವರನ ರಟ್ಟೆ ಹಿಡಿದು, "ಇವತ್ತ ಮಗ್ಗ ಗಿಗ್ಗ ಅಂದ್ರ ನೋಡು!" ಎಂದು ಅವನನ್ನೂ ಕೂಡಿಸಿಕೊಂಡು ಜಮಖಂಡಿಗೆ ನಡೆದಳು.

ಅದೇ ಡಾಕ್ಟರಮ್ಮ. ರಾಜಶ್ರೀಯ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಇದನ್ನು ಮುಂದುವರಿಸುವುದು ಜೀವಕ್ಕೆ ಅಪಾಯ, ತೆಗೆಯುವುದಾದರೆ ಇನ್ನೂ ಹೊತ್ತು ಮೀರಿಲ್ಲ, ಮೊದಲು ರಕ್ತ ಏರಿಸಬೇಕು, ಒಪ್ಪಿಗೆ ನಿನ್ನದೊಂದೇ ಸಾಕು ಎಂದು ಅವಳಿಗೇ ಹೇಳಿದರು. ರಾಜಶ್ರೀ ತಲೆ ಆಡಿಸಿದಳು.

"ನಿನ್ನ ಗಂಡಗ ನಾ ಅವತ್ತ ಹೇಳಿದ್ನಲ್ಲವಾ? ಮಾಡಿಸ್ಕೊಳ್ಳಲಿಲ್ಲೇನು?"

"ಅವರನ್ನ ಕೇಳ್ರಿ," ಎಂದಳು ರಾಜಶ್ರೀ.

ಡಾಕ್ಟರಮ್ಮ ತಿರುಗಿದರು. ಮಧುಮತಿ ತಿರುಗಿದಳು. ಸಲಾಯಿನ್ ಹಚ್ಚುತ್ತಿದ್ದ ನರ್ಸು ಕೂಡ ತಿರುಗಿದಳು. ಈಶ್ವರ ಮಂಚದ ಕಡೆ ನೋಡಿದ. ಮಂಚದ ಮೇಲೆ ಬಿದ್ದಿದ್ದ ಹೆಂಡತಿಯ ಕೈ ಮಗುವಿನ ಕೈಯಷ್ಟು ಸಣ್ಣಗಾಗಿತ್ತು.

"ಮಾಡಿಸ್ಕೊಂಡಿಲ್ರಿ," ಅಂದ. "ಬಂದಿದ್ದೆ. ಗೇಟಿನ ತನಕ ಬಂದು ಹೊಳ್ಳಿ ಹೋದೆ. ಸುಳ್ಳು ಹೇಳೀನ್ರಿ."

ಯಾರಾದರೂ ಬೈದರೆ ಆಗುತ್ತಿತ್ತು. ಕಪಾಳಕ್ಕೆ ಹೊಡೆದಿದ್ದರೆ ಇನ್ನೂ ಛಲೋ ಇತ್ತು. ಡಾಕ್ಟರಮ್ಮನಿಗೆ ಅವನನ್ನು ಬೈಯುವಷ್ಟು ಪುರುಸೊತ್ತಿರಲಿಲ್ಲ, ರಕ್ತದ ಬಾಟಲಿಗೆಂದು ಯಾರನ್ನೋ ಕೂಗುತ್ತ ಹೊರಗೆ ಹೋದರು.

"ನಿನಗ ಗೊತ್ತಿತ್ತೇನು?" ಎಂದು ಹೆಂಡತಿಯನ್ನು ಕೇಳಿದ.

"ಗೊತ್ತಾಗದ ಏನು? ಅತ್ತಿ ಕೇಳಿದ ದಿನಾನ ಗೊತ್ತಾತು." ಸೂರು ನೋಡುತ್ತ ಹೇಳಿದಳು. "ಇಲ್ಲಿ ಹೇಳಿದ್ರ ಏನ್ ಬಂತು? ಇಲ್ಲಿ ನನ್ನ ಯಾರ್ ಬೈದಾರು? ಓಣ್ಯಾಗ ಹೇಳ್ರಿ. ಅತ್ತಿ ಮುಂದ ಹೇಳ್ರಿ. ಮಾಳಣ್ಣನ ಮುಂದ ಹೇಳ್ರಿ."

ಅವಳು ಉಳಿದಳು. ರಕ್ತ ಏರಿತು, ಹೊಟ್ಟೆಯಲ್ಲಿದ್ದದ್ದು ಹೋಯಿತು, ಅವಳು ಗೋಡೆಯ ಕಡೆ ಮುಖ ಮಾಡಿ ಒಂದು ಇಡೀ ದಿನ ಮಲಗಿದಳು. ಅವಳು ವಾರ್ಡಿನಲ್ಲಿ ಇರುವಾಗಲೇ ಈಶ್ವರ ತಾನಾಗಿ ಹೋಗಿ ಮಾಡಿಸಿಕೊಂಡ. ಒಂದು ಸೀರೆಯ ಸೆರಗು ನೇಯುವಷ್ಟು ಹೊತ್ತೂ ಹಿಡಿಯಲಿಲ್ಲ. ಇರುವೆ ಕಚ್ಚಿದಂತೆ ಒಂದು ಸೂಜಿ, ಆಮೇಲೆ ಒಂದು ಪಟ್ಟಿ. ಕೆಳಗಿಳಿದು ನಡೆದು ಬಂದು ಹೆಂಡತಿಯ ಮಂಚದ ಪಕ್ಕ ಕೂತ. ಇಷ್ಟಕ್ಕೆ, ಇಷ್ಟೇ ಇಷ್ಟಕ್ಕೆ ಅವಳನ್ನು ಸಾವಿನ ಬಾಯಿಗೆ ಕಳಿಸಿದ್ದೆನಲ್ಲ ಎಂದು ನಾಚಿಕೆಯಿಂದ ಅವನಿಗೆ ತನ್ನ ಮುಖವನ್ನೇ ಕಿತ್ತು ಒಗೆಯಬೇಕೆನ್ನಿಸಿತು.

ಮನೆಗೆ ಬಂದದ್ದು ಕಾರ್ಖಾನೆಗಳ ಸೂಟಿಯ ದಿನ. ಓಣಿಯಲ್ಲಿ ಎಲ್ಲರೂ ಇದ್ದರು. ಬೋರವ್ವ ಕಟ್ಟೆಯ ಮೇಲೆ ನೀಲಕಂಠನನ್ನು ತೊಡೆಯಲ್ಲಿ ಹಾಕಿಕೊಂಡು ಕೂತಿದ್ದಳು. ಎದುರುಮನೆಯ ಶಿವಗಂಗವ್ವ ಶೇಂಗಾ ಸುಲಿಯುತ್ತಿದ್ದಳು. ತನ್ನ ಮನೆಯ ಮುಂದೆ ಮಾಳು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ರಾಜಶ್ರೀ ಆಟೋದಿಂದ ಇಳಿದು ಮನೆಯೊಳಗೆ ಹೋಗದೆ ನಡುಓಣಿಯಲ್ಲಿ ನಿಂತಳು.

"ಹೇಳ್ರಿ," ಎಂದಳು.

ಈಶ್ವರ ಹೇಳಿದ. ತಡವರಿಸಿ, ನೆಲ ನೋಡಿ, ಆದರೂ ಹೇಳಿದ. ನನಗೆ ಆಪರೇಷನ್ ಆಗಿರಲಿಲ್ಲ. ಆಗೈತಿ ಅಂತ ಸುಳ್ಳು ಹೇಳಿದೆ. ಹೊಟ್ಟೆಯಲ್ಲಿದ್ದದ್ದು ನಂದೇ. ಮಾಳುಂದು ಏನೂ ತಪ್ಪಿಲ್ಲ, ರಾಜಶ್ರೀದು ಏನೂ ತಪ್ಪಿಲ್ಲ. ಮೊನ್ನೆ ಮಾಡಿಸಿಕೊಂಡೆ, ಬೇಕಾದರೆ ದವಾಖಾನೆಯ ಕಾಗದ ನೋಡಿರಿ.

ಬೋರವ್ವ ಕೂಸನ್ನು ಎದೆಗೆ ಒತ್ತಿಕೊಂಡು ಅಳತೊಡಗಿದಳು.

"ನೋಡ್ರೆವಾ ನನ್ನ ಮಗನ್ನ! ದೇವರಂಥಾವ! ಹೇಣ್ತಿ ಮಾನಾ ಉಳಸಾಕ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾನ!"

"ಇಲ್ಲಬೇ ಯವ್ವಾ, ಖರೆ ಹೇಳಾಕತ್ತೇನಿ..."

"ಸುಮ್ಮನಿರು ತಮ್ಮಾ. ನೀ ಹಾಸಿಗ್ಯಾಗ ಬಿದ್ದಾಗ ನಾ ನೋಡಿಲ್ಲೇನು? ನಿನಗ ಅಂಟಿನ ಉಂಡಿ ತಿನಿಸಿದ್ದು ನೋಡಿಲ್ಲೇನು?"

ಶಿವಗಂಗವ್ವ ನಾಲಗೆ ಲೊಚಗುಟ್ಟಿದಳು. "ಇಂಥಾ ಗಂಡ ಯಾರಿಗ ಸಿಗತಾನಬೇ. ಪುಣ್ಯಾ ಮಾಡೀ ನೀ," ಎಂದು ರಾಜಶ್ರೀಗೇ ಹೇಳಿದಳು. ಶೆಡ್ಡಿನ ಒಂದಿಬ್ಬರು ಬಂದು ಈಶ್ವರನ ಹೆಗಲ ಮೇಲೆ ಕೈಯಿಟ್ಟರು. ಕಾಗದವನ್ನು ಅವನು ಒಬ್ಬೊಬ್ಬರಿಗೂ ಹಿಡಿದ. ಓದಲು ಬಾರದವರು ತಲೆ ಆಡಿಸಿದರು, ಓದಲು ಬರುವವರು ಓದುವ ಗೋಜಿಗೆ ಹೋಗಲಿಲ್ಲ. ದೊಡ್ಡ ಮನಸ್ಸಿನವನು ಎಂಬ ಮಾತು ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಅವನ ಕಣ್ಣೆದುರೇ ನಡೆದು ಹೋಯಿತು.

ಆ ಓಣಿಯಲ್ಲಿ ಅವನ ಮಾತು ನಂಬಿದವನು ಒಬ್ಬನೇ. ಮಾಳು ಪಂಪನ್ನು ಕೆಳಗಿಟ್ಟು ಎದುರಿಗೆ ಬಂದು ನಿಂತ.

"ನಿನ್ನ ಪಾಲಿಂದು ಬೀಮ್ ಹೊತ್ತೆ. ನಿನ್ನ ಪಾಲಿಂದು ಹೊಲಸೂ ಹೊತ್ತೆ," ಎಂದ. ಬೈಗುಳ ಬರುತ್ತದೆಂದು ಈಶ್ವರ ಕಾಯುತ್ತಿದ್ದ. ಮಾಳು ಅವನ ಕಾಲ ಬುಡಕ್ಕೆ ಉಗುಳಿ, ಸೈಕಲ್ ತಳ್ಳಿಕೊಂಡು ಹೊರಟುಹೋದ.

ಬೋರವ್ವ ಮಗನಿಗೆ ನೀರು ತರಲು ಒಳಗೆ ಎದ್ದಳು. ಸೊಸೆಯ ಹತ್ತಿರ ಹಾಯುವಾಗ ಸೆರಗು ತಾಗದಂತೆ ಬದಿಗೆ ಎಳೆದುಕೊಂಡಳು.

ರಾಜಶ್ರೀ ನಿಂತಲ್ಲಿಂದ ಅಲುಗಲಿಲ್ಲ. ಪೂನಮ್ ಓಡಿ ಬಂದು ಅವ್ವನ ಸೀರೆ ಹಿಡಿದು ನಿಂತಳು. ಈಶ್ವರ ಹತ್ತಿರ ಬಂದು, "ಹೇಳಿದ್ನಲ್ಲ," ಎಂದ. ಅವನ ದನಿ ಗೋಗರೆಯುತ್ತಿತ್ತು. "ಎಲ್ಲಾರ ಮುಂದನೂ ಹೇಳಿದೆ. ಅವರು ನಂಬವಲ್ಲರು. ಇನ್ನ ನಾ ಏನ್ ಮಾಡಲಿ?"

"ಸುಳ್ಳು ಹೇಳಿದಾಗ ಎಲ್ಲಾರೂ ನಂಬೂತನಕ ಬಿಟ್ಟಿದ್ದಿಲ್ಲಲ್ಲ," ಎಂದಳು ರಾಜಶ್ರೀ. ಅವನ ಕೈಯಲ್ಲಿದ್ದ ತನ್ನ ಬಟ್ಟೆಯ ಗಂಟನ್ನು ತೆಗೆದುಕೊಂಡು ಕಟ್ಟೆಯ ಮೇಲಿಟ್ಟು, ಅದರ ಪಕ್ಕದಲ್ಲಿ ಕೂತಳು.

"ಇನ್ನೊಮ್ಮೆ ಹೇಳ್ರಿ. ಗಟ್ಟಿಯಾಗಿ."